ಹಿಂಬರಹ ಕೇಳುವ ಹಕ್ಕು: ವಿದ್ಯಾರ್ಥಿ ನೆರವಿನ ಮರುಪರಿಶೀಲನೆ ಮತ್ತು ಕರಾವಳಿಯ ಕುಟುಂಬ

ಕಾಲೇಜು ಶಿಕ್ಷಣಕ್ಕೆ ದೊರೆಯುವ ಹಣದ ನೆರವು ಕರ್ನಾಟಕದಲ್ಲಿ ಒಂದೇ ಕೈಯಿಂದ ಬರುವುದಿಲ್ಲ. ಆದುದರಿಂದ ಆ ನೆರವು ತಪ್ಪಿದಾಗ ಅಥವಾ ನಿರೀಕ್ಷಿಸಿದ್ದಕ್ಕಿಂತ ಕಡಿಮೆಯಾದಾಗ ಅದನ್ನು ಪ್ರಶ್ನಿಸುವ ದಾರಿಯೂ ಒಂದೇ ಆಗಿರುವುದಿಲ್ಲ. ಕುಟುಂಬದ ಆದಾಯವನ್ನು ತಹಶೀಲ್ದಾರರು ಪ್ರಮಾಣೀಕರಿಸುತ್ತಾರೆ, ವೃತ್ತಿಶಿಕ್ಷಣದ ಸೀಟನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ, ವಿದ್ಯಾರ್ಥಿವೇತನವನ್ನು ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಅಥವಾ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆ ಮಂಜೂರು ಮಾಡುತ್ತದೆ, ವಿದ್ಯಾರ್ಥಿ ನಿಜವಾಗಿ ಓದುತ್ತಿದ್ದಾನೆ ಎಂಬುದನ್ನು ಕಾಲೇಜು ದೃಢೀಕರಿಸುತ್ತದೆ, ಇಷ್ಟೆಲ್ಲ ಆದ ಮೇಲೂ ಕೊರತೆ ಬಿದ್ದ ಹಣಕ್ಕೆ ಬ್ಯಾಂಕಿನ ಬಾಗಿಲಿಗೆ ಹೋಗಬೇಕಾಗುತ್ತದೆ. ಈ ಪ್ರತಿಯೊಂದು ಕಡೆಯೂ ನೋಡುವುದು ಒಂದೊಂದು ಕಾಗದವನ್ನು ಮಾತ್ರ. ಇಡೀ ಕುಟುಂಬದ ಸ್ಥಿತಿಯನ್ನು ಒಟ್ಟಾಗಿ ನೋಡುವ ಅಧಿಕಾರಿ ಈ ಸರಪಳಿಯಲ್ಲಿ ಎಲ್ಲಿಯೂ ಇಲ್ಲ. ನೆರವು ನಿರಾಕೃತವಾದ ಕುಟುಂಬಕ್ಕೆ ಎದುರಾಗುವ ಮುಖ್ಯ ತೊಡಕು ಇದೇ, ಮತ್ತು ಮೇಲ್ಮನವಿಯ ಕುರಿತು ಹೇಳಬೇಕಾದ ಬಹುಪಾಲು ಸಂಗತಿಗಳು ಇದರಿಂದಲೇ ಹುಟ್ಟುತ್ತವೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಎದುರಿಸುವ ವ್ಯವಸ್ಥೆಯೊಡನೆ ಹೋಲಿಸಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ ಪ್ರವೇಶ ನೀಡಿದ ಕಾಲೇಜೇ ಅನುದಾನ, ಸಾಲ, ಶುಲ್ಕ ವಿನಾಯಿತಿಗಳನ್ನು ಒಟ್ಟುಗೂಡಿಸಿ ಒಂದು ನೆರವಿನ ಪತ್ರವನ್ನು ಮನೆಗೆ ಕಳುಹಿಸುತ್ತದೆ. ಅದರ ಲೆಕ್ಕಕ್ಕೆ ಆಧಾರವಾಗುವುದು ಎಫ್‌ಎಎಫ್‌ಎಸ್‌ಎ ಎಂಬ ಕೇಂದ್ರ ಸರ್ಕಾರದ ಅರ್ಜಿ; ಅದು ಎರಡು ವರ್ಷ ಹಿಂದಿನ ತೆರಿಗೆ ವಿವರವನ್ನು ಬಳಸುವುದರಿಂದ, ನಡುವೆ ತಂದೆಯ ಕೆಲಸ ಹೋಗಿದ್ದರೆ, ಮನೆಯಲ್ಲಿ ದೊಡ್ಡ ಕಾಯಿಲೆ ಬಂದಿದ್ದರೆ ಅದು ಆ ಲೆಕ್ಕದಲ್ಲಿ ಕಾಣುವುದಿಲ್ಲ. ಈ ಕುರುಡನ್ನು ಅರಿತೇ ಅಲ್ಲಿನ 1965ರ ಉನ್ನತ ಶಿಕ್ಷಣ ಕಾಯ್ದೆಯ 479-ಎ ಕಲಂ, ಕಾಲೇಜಿನ ನೆರವು ಅಧಿಕಾರಿಗೆ ಒಂದೊಂದು ಪ್ರಕರಣವನ್ನೂ ಪ್ರತ್ಯೇಕವಾಗಿ ಪರಿಶೀಲಿಸಿ ಅಂಕಿಅಂಶವನ್ನು ಬದಲಿಸುವ ವಿವೇಚನಾಧಿಕಾರವನ್ನು ಕೊಟ್ಟಿದೆ. ಕುಟುಂಬವು ದಾಖಲೆಗಳೊಡನೆ ಒಂದು ಪತ್ರ ಬರೆಯುತ್ತದೆ, ಅಧಿಕಾರಿ ಓದಿ ನಿರ್ಧರಿಸುತ್ತಾರೆ. ಆ ನಿರ್ಧಾರವನ್ನು ಸರ್ಕಾರದ ಮುಂದೆ ಮತ್ತೆ ಪ್ರಶ್ನಿಸಲು ಆಗುವುದಿಲ್ಲವಾದರೂ, ಮನೆಯ ಕಷ್ಟವನ್ನು ಕೇಳುವ ಒಬ್ಬ ಮನುಷ್ಯನಂತೂ ಅಲ್ಲಿ ಇರುತ್ತಾನೆ.

ಉತ್ತರ ಕನ್ನಡದ ಕರಾವಳಿಯಲ್ಲಿ, ಹೊನ್ನಾವರ ಮತ್ತು ಕುಮಟಾಗಳ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಮೇಲಿರುವ ಹಳದೀಪುರದಂಥ ಊರಿನಲ್ಲಿ, ಕಾಲೇಜು ಪ್ರವೇಶದ ಋತುವೇ ಕೈಯಲ್ಲಿ ಹಣವಿಲ್ಲದ ಋತುವಾಗಿರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ದೋಣಿಗಳು ದಡ ಸೇರಿ, ಕೂಲಿಯೂ ಪಾಲೂ ನಿಂತುಹೋಗುವ ಆ ಎರಡು ತಿಂಗಳುಗಳಲ್ಲೇ ಪದವಿ ಕಾಲೇಜುಗಳ ಪ್ರವೇಶವೂ, ಸಿಇಟಿಯ ದಾಖಲೆ ಪರಿಶೀಲನೆ ಮತ್ತು ಸೀಟು ಹಂಚಿಕೆಯೂ ನಡೆಯುತ್ತವೆ. ಗದ್ದೆಯಿರುವವರಿಗೆ ಅದು ನೆಟ್ಟಿಯ ಖರ್ಚಿನ ಕಾಲ. ಅಡಿಕೆ, ತೆಂಗಿನ ತೋಟವಿರುವವರಿಗೆ ಮಾರಲು ಏನೂ ಉಳಿಯದ ಮಳೆಗಾಲ. ಹೊನ್ನಾವರದ ಎಸ್‌ಡಿಎಂ ಕಾಲೇಜಿಗೋ ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜಿಗೋ ಬಸ್ಸಿನಲ್ಲಿ ಹೋಗಿಬರುವ ಮಗುವಿನ ಖರ್ಚನ್ನು ಹೇಗೋ ತೂಗಿಸಬಹುದು. ಮಂಗಳೂರು, ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಸೀಟು ಸಿಕ್ಕಿದರೆ ಶುಲ್ಕದ ಜೊತೆಗೆ ಊಟ ವಸತಿಯ ವೆಚ್ಚವೂ ಸೇರಿ, ಬರಬೇಕಾದ ಪ್ರತಿ ರೂಪಾಯಿ ಯಾವ ತಿಂಗಳು ಬರುತ್ತದೆ ಎಂಬುದೇ ಓದು ಮುಂದುವರಿಯುವುದೋ ನಿಲ್ಲುವುದೋ ಎಂಬುದನ್ನು ತೀರ್ಮಾನಿಸುತ್ತದೆ.

ಈ ಸರಪಳಿಯ ಮೊದಲ ಕೊಂಡಿ ಆದಾಯ ಪ್ರಮಾಣಪತ್ರ. ನಾಡಕಚೇರಿ ಎಂದು ಕರೆಯುವ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ ಅರ್ಜಿ ಕೊಟ್ಟರೆ, ಗ್ರಾಮ ಆಡಳಿತಾಧಿಕಾರಿ ಮತ್ತು ಕಂದಾಯ ನಿರೀಕ್ಷಕರ ವರದಿಯ ಮೇಲೆ ತಹಶೀಲ್ದಾರರ ಡಿಜಿಟಲ್ ಸಹಿಯೊಡನೆ ಅದು ಹೊರಬರುತ್ತದೆ. ಆರ್‌ಡಿ ಎಂಬ ಅಕ್ಷರಗಳಿಂದ ಶುರುವಾಗುವ ಅದರ ಸಂಖ್ಯೆಯನ್ನು ಜನ ಆರ್‌ಡಿ ನಂಬರ್ ಎನ್ನುತ್ತಾರೆ. ಮುಂದಿನ ಎಲ್ಲ ಅರ್ಜಿಗಳೂ ಆ ಸಂಖ್ಯೆಯ ಮೂಲಕವೇ ಕುಟುಂಬದ ಆದಾಯವನ್ನು ಓದಿಕೊಳ್ಳುತ್ತವೆ. ಈ ಪತ್ರದ ಅವಧಿ 5 ವರ್ಷ. ಮಗು ಪ್ರೌಢಶಾಲೆಯಲ್ಲಿದ್ದಾಗ ತಂದೆ ದುಡಿಯುತ್ತಿದ್ದ ಕಾಲದಲ್ಲಿ ಮಾಡಿಸಿದ ಪತ್ರವೇ ಪದವಿಗೆ ಸೇರುವಾಗಲೂ ಚಾಲ್ತಿಯಲ್ಲಿರಬಹುದು; ಈ ನಡುವೆ ತಂದೆ ಹಾಸಿಗೆ ಹಿಡಿದಿರಬಹುದು, ಗಲ್ಫಿನಿಂದ ಕೆಲಸ ಬಿಟ್ಟು ಮರಳಿರಬಹುದು, ದೋಣಿ ಮಾರಿಹೋಗಿರಬಹುದು, ಆದರೆ ಗಣಕಯಂತ್ರಕ್ಕೆ ಕಾಣುವುದು ಹಳೆಯ ಅಂಕಿಯೇ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ಕೇಂದ್ರ ಯೋಜನೆಯಲ್ಲಿ ಪೋಷಕರ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಬೇರೆ ವರ್ಗಗಳಿಗೆ ಬೇರೆ ಮಿತಿಗಳಿವೆ. ಮಿತಿಗಿಂತ ಕೆಲವೇ ಸಾವಿರ ಹೆಚ್ಚಾಗಿ ನಮೂದಾದ ಒಂದು ಅಂಕಿ ಇಡೀ ವರ್ಷದ ನೆರವನ್ನು ಕಸಿಯಬಲ್ಲದು.

ಇಲ್ಲಿ ಬಹಳ ಕುಟುಂಬಗಳು ಅರಿಯದ ಒಂದು ಸಂಗತಿಯಿದೆ. ವಿದ್ಯಾರ್ಥಿವೇತನ ತಪ್ಪಿದ ಮೇಲೆ ಇಲಾಖೆಯ ಮುಂದೆ ಎಷ್ಟೇ ಗೋಳು ಹೇಳಿಕೊಂಡರೂ ಪ್ರಯೋಜನವಾಗುವುದಿಲ್ಲ, ಏಕೆಂದರೆ ಆದಾಯವನ್ನು ನಿಗದಿಪಡಿಸುವ ಅಧಿಕಾರವೇ ಆ ಇಲಾಖೆಗೆ ಇಲ್ಲ, ಪ್ರಶ್ನಿಸಬೇಕಾದದ್ದು ಪ್ರಮಾಣಪತ್ರವನ್ನು. ಪರಿಸ್ಥಿತಿ ಬದಲಾಗಿದ್ದರೆ ಹಳೆಯದರ ಅವಧಿ ಮುಗಿಯುವುದನ್ನು ಕಾಯದೆ ಹೊಸದಾಗಿ ಅರ್ಜಿ ಹಾಕಬೇಕು, ಮತ್ತು ದತ್ತಾಂಶದಲ್ಲಿ ಮೊದಲೇ ತುಂಬಿಟ್ಟ ಮಾಹಿತಿಯಿಂದ ಕೂಡಲೇ ಮುದ್ರಿಸಿ ಕೊಡುವ ಪದ್ಧತಿಯೂ ಇರುವುದರಿಂದ, ಹೊಸ ವಿಚಾರಣೆ ಬೇಕೆಂದು ಸ್ಪಷ್ಟವಾಗಿ ಬರೆದು ಆಸ್ಪತ್ರೆಯ ಬಿಡುಗಡೆ ಪತ್ರ, ಕೆಲಸದಿಂದ ಬಿಡುಗಡೆಯಾದ ಪತ್ರ, ಮರಣ ಪ್ರಮಾಣಪತ್ರ ಮೊದಲಾದವನ್ನು ಲಗತ್ತಿಸಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅರ್ಜಿಯನ್ನು ತಹಶೀಲ್ದಾರರು ತಿರಸ್ಕರಿಸಿದರೆ, 1990ರ ಕರ್ನಾಟಕ ಅನುಸೂಚಿತ ಜಾತಿ, ಅನುಸೂಚಿತ ಬುಡಕಟ್ಟು ಮತ್ತು ಇತರ ಹಿಂದುಳಿದ ವರ್ಗಗಳ ಮೀಸಲಾತಿ ಅಧಿನಿಯಮದ 4-ಬಿ ಕಲಮಿನಂತೆ, ಆದೇಶ ಕೈಸೇರಿದ 30 ದಿನಗಳೊಳಗೆ ಉಪವಿಭಾಗದ ಸಹಾಯಕ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಬಹುದು. ಹಳದೀಪುರದವರಿಗೆ ತಹಶೀಲ್ದಾರರ ಕಚೇರಿ ಹೊನ್ನಾವರದಲ್ಲಿದೆ. ಸಹಾಯಕ ಆಯುಕ್ತರ ಕಚೇರಿ, ಕುಮಟಾ ಎಷ್ಟೇ ಹತ್ತಿರವಿದ್ದರೂ, ಭಟ್ಕಳದಲ್ಲಿ, ಏಕೆಂದರೆ ಹೊನ್ನಾವರ ತಾಲ್ಲೂಕು ಸೇರುವುದು ಭಟ್ಕಳ ಉಪವಿಭಾಗಕ್ಕೆ. ಜಿಲ್ಲಾ ಮಟ್ಟದ ಇಲಾಖೆಗಳಿಗೆ ಕಾರವಾರಕ್ಕೆ ಹೋಗಬೇಕು. ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತುವ ಕುಟುಂಬಕ್ಕೆ ಯಾವ ಕಾಗದಕ್ಕೆ ಯಾವ ಊರು ಎಂಬ ಈ ತಿಳಿವಳಿಕೆಯೇ ಅರ್ಧ ಮೇಲ್ಮನವಿ.

ವಿಳಂಬವನ್ನು ಪ್ರಶ್ನಿಸುವ ದಾರಿ ಇನ್ನೊಂದು. 2011ರಲ್ಲಿ ಅಂಗೀಕೃತವಾಗಿ ಮುಂದಿನ ವರ್ಷ ರಾಜ್ಯಾದ್ಯಂತ ಜಾರಿಗೆ ಬಂದ ಸಕಾಲ ಕಾಯ್ದೆಯಡಿ ಪ್ರತಿ ಅರ್ಜಿಗೂ 15 ಅಂಕಿಗಳ ಒಂದು ಸಂಖ್ಯೆ ಕೊಡಲಾಗುತ್ತದೆ. ಗೊತ್ತುಪಡಿಸಿದ ದಿನದೊಳಗೆ ಸೇವೆ ದೊರೆಯದಿದ್ದರೆ ಅಥವಾ ಅರ್ಜಿ ತಿರಸ್ಕೃತವಾದರೆ ಅದೇ ಸಂಖ್ಯೆಯ ಆಧಾರದಲ್ಲಿ ಸಕ್ಷಮ ಅಧಿಕಾರಿಗೆ, ಅಲ್ಲಿಯೂ ಆಗದಿದ್ದರೆ ಮೇಲಿನ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರವೂ ಉಂಟು. ಆ ಪರಿಹಾರದ ಹಣಕ್ಕಿಂತ, ತಡಮಾಡಿದ ದಿನಗಳ ಲೆಕ್ಕ ಅಧಿಕಾರಿಯ ಹೆಸರಿನ ಮುಂದೆ ದಾಖಲಾಗುತ್ತದೆ ಎಂಬುದೇ ಈ ಕಾಯ್ದೆಯ ಬಲ.

ಎರಡನೆಯ ಕೊಂಡಿ ಎಸ್‌ಎಸ್‌ಪಿ, ಅಂದರೆ ಹಲವು ಇಲಾಖೆಗಳ ವಿದ್ಯಾರ್ಥಿವೇತನಗಳಿಗೆ ಒಂದೇ ಕಡೆ ಅರ್ಜಿ ಹಾಕುವ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ. ಊರಿನ ಸೈಬರ್ ಅಂಗಡಿಗಳಲ್ಲಿ ದಿನವೂ ಕೇಳಿಬರುವ ‘ಪೆಂಡಿಂಗ್ ತೋರಿಸ್ತದೆ’, ‘ಎನ್‌ಪಿಸಿಐ ಆಗ್ಲಿಲ್ಲ’ ಎಂಬ ಮಾತುಗಳ ಮೂಲ ಇಲ್ಲಿದೆ. ಇಲ್ಲಿ ಅರ್ಜಿ ನಿಂತುಹೋಗುವುದು ಬಡತನದ ಕುರಿತ ಸಂದೇಹದಿಂದಲ್ಲ, ಹೆಚ್ಚಾಗಿ ಹೆಸರಿನ ಅಕ್ಷರಗಳಿಂದ. ಉತ್ತರ ಕನ್ನಡವು 1862ರಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ಜಿಲ್ಲೆ. ಸ್ವಂತ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಬರೆಯುವ ಮುಂಬಯಿ ಕಡೆಯ ರೂಢಿ ಇಲ್ಲಿ ಇಂದಿಗೂ ಉಳಿದಿದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮೂರೂ ಹೆಸರುಗಳು ಪೂರ್ಣವಾಗಿರುತ್ತವೆ, ಆಧಾರ್ ಕಾರ್ಡಿನಲ್ಲಿ ತಂದೆಯ ಹೆಸರು ಒಂದಕ್ಷರಕ್ಕೆ ಇಳಿದಿರುತ್ತದೆ, ಪ್ರಮಾಣಪತ್ರದಲ್ಲಿ ನಾಯ್ಕ ಎಂಬುದು ನಾಯಕ ಎಂದಾಗಿರುತ್ತದೆ, ಬ್ಯಾಂಕ್ ಪುಸ್ತಕದಲ್ಲಿ ಅಡ್ಡಹೆಸರು ಮೊದಲು ಬಂದಿರುತ್ತದೆ. ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಒಬ್ಬಳೇ ಹುಡುಗಿ ಗಣಕಯಂತ್ರಕ್ಕೆ ನಾಲ್ವರಾಗಿ ಕಾಣುತ್ತಾಳೆ. ಇದಕ್ಕೆ ಮೇಲ್ಮನವಿ ಎಂಬುದು ವಾಸ್ತವದಲ್ಲಿ ತಿದ್ದುಪಡಿ: ಯಾವ ದಾಖಲೆಯನ್ನು ಮೂಲವೆಂದು ಹಿಡಿಯಬೇಕೆಂದು ಕುಟುಂಬ ಮೊದಲು ನಿರ್ಧರಿಸಿ, ಸಾಮಾನ್ಯವಾಗಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೊಂದುವಂತೆ ಉಳಿದವನ್ನು ತಿದ್ದಿಸಬೇಕು, ಮತ್ತು ಈ ಕೆಲಸವನ್ನು ಪ್ರವೇಶದ ಗಡಿಬಿಡಿಗೆ ಮುಂಚೆ, ಪಿಯುಸಿ ಮೊದಲ ವರ್ಷದಲ್ಲೇ ಮುಗಿಸಬೇಕು. ಎನ್‌ಪಿಸಿಐ ಜೋಡಣೆ ಎಂದರೆ ಸರ್ಕಾರದ ಹಣ ಯಾವ ಖಾತೆಗೆ ಬೀಳಬೇಕೆಂದು ಆಧಾರ್ ಸಂಖ್ಯೆಯೊಡನೆ ಒಂದೇ ಒಂದು ಬ್ಯಾಂಕ್ ಖಾತೆಯನ್ನು ಗುರುತಿಸುವುದು. ಖಾತೆಯಲ್ಲಿ ಆಧಾರ್ ಸಂಖ್ಯೆ ಬರೆದಿದ್ದರೆ ಸಾಕಾಗುವುದಿಲ್ಲ, ಈ ಜೋಡಣೆಗೆ ಬ್ಯಾಂಕಿಗೆ ಬೇರೆಯಾಗಿಯೇ ಒಪ್ಪಿಗೆ ಪತ್ರ ಕೊಡಬೇಕು. ದಾಖಲೆಗಳಿಗೆ ಕಾಲೇಜಿನ ಅಧಿಕಾರಿ ಮಾಡುವ ಇ-ದೃಢೀಕರಣವೂ ಹೀಗೆಯೇ; ಅದು ಬಾಕಿ ಉಳಿದಿದ್ದರೆ ಮನವಿ ಹೋಗಬೇಕಾದದ್ದು ಪ್ರಾಂಶುಪಾಲರಿಗೆ, ಇಲಾಖೆಗೆ ಅಲ್ಲ.

ಮನೆಯ ಇತಿಹಾಸವೇ ಅಡ್ಡ ಬರುವ ಪ್ರಸಂಗಕ್ಕೆ ರೈತ ವಿದ್ಯಾನಿಧಿ ಒಳ್ಳೆಯ ಉದಾಹರಣೆ. 2021ರಲ್ಲಿ ಆರಂಭವಾದ ಈ ಯೋಜನೆ ರೈತರ ಮಕ್ಕಳಿಗೆ ಪಿಯುಸಿಯಲ್ಲಿ ವರ್ಷಕ್ಕೆ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿಯಿಂದ ತೊಡಗಿ ಎಂಜಿನಿಯರಿಂಗ್, ವೈದ್ಯಕೀಯಗಳಿಗೆ 10,000 ಮತ್ತು 11,000 ರೂಪಾಯಿಯವರೆಗೆ ನಿಗದಿಪಡಿಸಿತು. ಮುಂದೆ ಮೀನುಗಾರರು, ನೇಕಾರರು, ಕೃಷಿ ಕಾರ್ಮಿಕರ ಮಕ್ಕಳಿಗೂ ವಿಸ್ತರಿಸಿತು. ರೈತ ಯಾರೆಂದು ತಿಳಿಯುವುದು ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ಎಂಬ ಗುರುತಿನ ಸಂಖ್ಯೆಯಿಂದ, ಆ ಸಂಖ್ಯೆ ನಿಂತಿರುವುದು ಪಹಣಿಯಲ್ಲಿರುವ ಹೆಸರಿನ ಮೇಲೆ. 1974ರ ಭೂಸುಧಾರಣೆಯ ನಂತರ ಗೇಣಿದಾರ ಅಜ್ಜನ ಹೆಸರಿಗೆ ಬಂದ ತುಂಡು ಭೂಮಿ, ಅಜ್ಜ ತೀರಿಕೊಂಡು ದಶಕಗಳಾದರೂ ಹಿಸ್ಸೆಯಾಗದೆ ಅದೇ ಹೆಸರಿನಲ್ಲಿ ಉಳಿದಿರುವುದು ಈ ಕರಾವಳಿಯಲ್ಲಿ ಅಪರೂಪವಲ್ಲ. ಅದೇ ಗದ್ದೆಯನ್ನು ಉಳುವ ಮಗ ಕಾಗದದಲ್ಲಿ ರೈತನಲ್ಲ, ಆದುದರಿಂದ ಮೊಮ್ಮಗಳು ರೈತನ ಮಗಳಲ್ಲ. ಇಂಥಲ್ಲಿ ಪೌತಿ ಖಾತೆ, ಅಂದರೆ ಮೃತರ ಹೆಸರಿನ ಭೂಮಿಯನ್ನು ವಾರಸುದಾರರ ಹೆಸರಿಗೆ ವರ್ಗಾಯಿಸುವುದು ಮಾತ್ರ ಪರಿಹಾರ; ಅದಕ್ಕೆ ಬೇಕಾಗುವುದು ವಿದ್ಯಾರ್ಥಿಯ ಅರ್ಜಿಗಿಂತ ಹೆಚ್ಚಾಗಿ ಅಣ್ಣತಮ್ಮಂದಿರು, ಅತ್ತೆಯಂದಿರು ಒಟ್ಟಿಗೆ ಕೂತು ಆಡಬೇಕಾದ ಮಾತು. ನೆರವಿನ ಮೇಲ್ಮನವಿ ಇಡೀ ಕುಟುಂಬದ ಕೆಲಸವಾಗುವುದು ಈ ಅರ್ಥದಲ್ಲಿಯೂ ನಿಜ.

ಯಾವ ಕೊಂಡಿಯಲ್ಲಿ ತೊಡಕಾದರೂ ಕುಟುಂಬ ಮೊದಲು ಪಡೆಯಬೇಕಾದದ್ದು ಹಿಂಬರಹ. ಅರ್ಜಿಯನ್ನು ಏಕೆ ಒಪ್ಪಲಿಲ್ಲ ಎಂದು ಕಚೇರಿ ಲಿಖಿತವಾಗಿ, ದಿನಾಂಕ ಸಹಿತ ಕೊಡುವ ಉತ್ತರಕ್ಕೆ ಆಡಳಿತದಲ್ಲಿ ಈ ಹೆಸರಿದೆ. ‘ಆಗುವುದಿಲ್ಲ’, ‘ಮುಂದಿನ ವಾರ ಬನ್ನಿ’ ಎಂಬ ಬಾಯಿಮಾತಿನ ಮೇಲೆ ಯಾವ ಮೇಲ್ಮನವಿಯೂ ನಿಲ್ಲುವುದಿಲ್ಲ. 30 ದಿನಗಳ ಗಡುವು ಎಣಿಕೆಯಾಗುವುದೂ ಲಿಖಿತ ಆದೇಶದಿಂದ. ಕೌಂಟರಿನ ಎದುರು ನಿಂತು ಕಾರಣವನ್ನು ಬರೆದುಕೊಡಿ ಎಂದು ಕೇಳಲು ಸಂಕೋಚಪಡುವವರೇ ಹೆಚ್ಚು, ಹಾಗೆ ಕೇಳಿದರೆ ಅಧಿಕಾರಿ ಸಿಟ್ಟಾದಾರೆಂಬ ಹೆದರಿಕೆ ಹಳ್ಳಿಯ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಆದರೆ ಅದು ಬೇಡಿಕೊಳ್ಳುವ ಮಾತಲ್ಲ, ಕೇಳುವ ಹಕ್ಕಿನ ಮಾತು. ಹಿಂಬರಹ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿ, ತನ್ನ ಅರ್ಜಿ ಯಾವ ಮೇಜಿನಲ್ಲಿ ಎಷ್ಟು ದಿನದಿಂದ ಇದೆ, ಯಾವ ಟಿಪ್ಪಣಿಯ ಮೇಲೆ ತಿರಸ್ಕೃತವಾಯಿತು ಎಂದು ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳನ್ನು ಮೀರದಂತೆ ಇರಬೇಕೆಂಬುದನ್ನು ಮರೆಯಬಾರದು.

ಕಾಲೇಜಿನ ಮಟ್ಟದಲ್ಲಿ ಪ್ರಶ್ನಿಸಬಹುದಾದ ಸಂಗತಿಗಳು ಬೇರೆ. ಎಂಜಿನಿಯರಿಂಗಿನಂಥ ಕೋರ್ಸುಗಳಲ್ಲಿ ಮಂಜೂರಾದ ಸೀಟುಗಳ ಮೇಲೆ ಶೇ 5ರವರೆಗೆ ಹೆಚ್ಚುವರಿ ಸೀಟುಗಳನ್ನು ಬೋಧನಾ ಶುಲ್ಕವಿಲ್ಲದೆ ಕೊಡುವ ಎಸ್‌ಎನ್‌ಕ್ಯು ಎಂಬ ವ್ಯವಸ್ಥೆಯಿದೆ. ಪೋಷಕರ ಆದಾಯ 8 ಲಕ್ಷ ರೂಪಾಯಿಯೊಳಗಿರಬೇಕು, ಮನ್ನಾ ಆಗುವುದು ಬೋಧನಾ ಶುಲ್ಕ ಮಾತ್ರ, ಉಳಿದ ಶುಲ್ಕಗಳನ್ನು ಕಟ್ಟಲೇಬೇಕು. ಇದನ್ನು ಪೂರ್ಣ ಉಚಿತವೆಂದು ತಿಳಿದು ಸೇರಿ, ಆಮೇಲೆ ರಸೀದಿ ನೋಡಿ ಕಂಗಾಲಾಗುವುದಕ್ಕಿಂತ, ಸೀಟು ಆಯ್ಕೆಗೆ ಮುಂಚೆಯೇ ಶುಲ್ಕದ ಪಟ್ಟಿಯನ್ನು ಬಿಡಿಬಿಡಿಯಾಗಿ ಕೇಳಿ ಪಡೆಯಬೇಕು. ನಿಗದಿಗಿಂತ ಹೆಚ್ಚು ಹಣ ಕೇಳುವುದನ್ನು 1984ರ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆಯೇ ತಡೆಯುತ್ತದೆ. ವಿದ್ಯಾರ್ಥಿವೇತನ ಬರದಿರುವುದು, ತಡವಾಗುವುದು, ಮೂಲ ದಾಖಲೆಗಳನ್ನು ಹಿಡಿದಿಟ್ಟುಕೊಳ್ಳುವುದು ಮೊದಲಾದವು ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಕಾಲೇಜಿನ ಸಮಿತಿ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು, ಒಪ್ಪಿಗೆಯಾಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಬಳಿ ಹೋಗಬಹುದು. ಈ ಭಾಗದ ಪದವಿ ಕಾಲೇಜುಗಳಿಗೆ ಅದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಎಂಜಿನಿಯರಿಂಗ್ ಕಾಲೇಜುಗಳಿಗೆ ಬೆಳಗಾವಿಯ ವಿಟಿಯು.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ವಸತಿಗೆಂದು 2013-14ರಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳ ಲೆಕ್ಕದಲ್ಲಿ ಆರಂಭವಾದ ವಿದ್ಯಾಸಿರಿಯನ್ನು ಸೇರಿಸಿದರೂ ಪರ ಊರಿನ ಓದಿನ ಖರ್ಚು ತುಂಬುವುದಿಲ್ಲ, ಆಗ ಉಳಿಯುವುದು ಸಾಲ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆ ಮತ್ತು 2015ರ ಸಾಲ ಖಾತರಿ ನಿಧಿಗಳ ಪ್ರಕಾರ 7.5 ಲಕ್ಷ ರೂಪಾಯಿವರೆಗಿನ ಸಾಲವನ್ನು ಆಸ್ತಿಯ ಅಡಮಾನವಿಲ್ಲದೆ ಕೊಡಲು ಅವಕಾಶವಿದೆ; ಆದರೂ ‘ಜಾಗದ ಕಾಗದ ತನ್ನಿ’ ಎಂಬ ಮಾತು ಶಾಖೆಗಳಲ್ಲಿ ಕೇಳಿಬರುತ್ತದೆ. ಮಾದರಿ ಯೋಜನೆಯಂತೆ ಅರ್ಜಿಯನ್ನು ತಿರಸ್ಕರಿಸುವ ಮುನ್ನ ಮೇಲಿನ ಅಧಿಕಾರಿಯ ಸಮ್ಮತಿ ಬೇಕು, ಕಾರಣವನ್ನೂ ತಿಳಿಸಬೇಕು. ವಿದ್ಯಾರ್ಥಿಯ ಸಿಬಿಲ್ ಅಂಕ ಕಡಿಮೆಯಿದೆ ಎಂಬ ಒಂದೇ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದೆಂದು 2023ರಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. ಆ ತೀರ್ಪು ಕರ್ನಾಟಕದ ಶಾಖೆಗಳನ್ನು ನೇರವಾಗಿ ಕಟ್ಟಿಹಾಕದಿದ್ದರೂ ಮನವಿಯಲ್ಲಿ ಉಲ್ಲೇಖಿಸಲು ಯೋಗ್ಯವಾದದ್ದು. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ. ಸಾಲ ಕೊಡುವುದೋ ಬಿಡುವುದೋ ಎಂಬ ವ್ಯಾವಹಾರಿಕ ನಿರ್ಧಾರವನ್ನು ಓಂಬುಡ್ಸ್‌ಮನ್ ಬದಲಿಸಲಾರರು, ಆದರೆ ವಿಳಂಬವನ್ನೂ ಕಾರಣ ಹೇಳದ ನಿರಾಕರಣೆಯನ್ನೂ ಪ್ರಶ್ನಿಸಬಲ್ಲರು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿಯ ಬಡ್ಡಿ ರಿಯಾಯಿತಿ ಸಿಗುವುದು ಗುರುತಿಸಲಾದ ಸಂಸ್ಥೆಗಳ ಪಟ್ಟಿಯಲ್ಲಿರುವ ಕಾಲೇಜಿನವರಿಗೆ ಮಾತ್ರವಾದ್ದರಿಂದ, ಪಟ್ಟಿಯನ್ನು ನೋಡದೆ ಅದನ್ನು ನಂಬಿ ಕೂರಬಾರದು.

ಮನೆಯ ಕಷ್ಟವನ್ನು ಇದ್ದಂತೆ ಹೇಳಿಕೊಳ್ಳುವ ಅವಕಾಶ ಇಲ್ಲಿ ಉಳಿದಿರುವುದು ಸಮುದಾಯದ ಸಂಸ್ಥೆಗಳು, ದತ್ತಿಗಳು ಮತ್ತು ಕಾಲೇಜಿನ ಆಡಳಿತ ಮಂಡಳಿಗಳ ಮುಂದೆ. ಈ ಕರಾವಳಿಯ ಶಿಕ್ಷಣವೇ ಬಹುಮಟ್ಟಿಗೆ ಅಂಥವರ ಕೊಡುಗೆ: ಭಟ್ಕಳದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ 1919ರಲ್ಲಿ ಹುಟ್ಟಿತು, ದಿನಕರ ದೇಸಾಯಿಯವರ ಕೆನರಾ ವೆಲ್ಫೇರ್ ಟ್ರಸ್ಟ್ 1953ರಿಂದ ಜಿಲ್ಲೆಯ ಹಳ್ಳಿಗಳಲ್ಲಿ ಶಾಲೆಗಳನ್ನು ತೆರೆಯಿತು. ದತ್ತಿಯ ನೆರವು ಹಕ್ಕಲ್ಲ, ಹಾಗಾಗಿ ಅದು ತಪ್ಪಿದರೆ ಮೇಲ್ಮನವಿಯೂ ಇಲ್ಲ. ಮರುಪರಿಶೀಲನೆ ಕೋರುವ ಪತ್ರ ಮಾತ್ರ ಸಾಧ್ಯ. ಆ ಪತ್ರದಲ್ಲಿ ಬಡತನದ ವರ್ಣನೆಗಿಂತ ಲೆಕ್ಕ ಹೆಚ್ಚು ಕೆಲಸ ಮಾಡುತ್ತದೆ: ವರ್ಷದ ಶುಲ್ಕವೆಷ್ಟು, ವಿದ್ಯಾರ್ಥಿವೇತನವಾಗಿ ಮಂಜೂರಾದದ್ದೆಷ್ಟು, ಬಂದದ್ದೆಷ್ಟು, ಮನೆಯಿಂದ ಹೊಂದಿಸಬಹುದಾದದ್ದೆಷ್ಟು, ಯಾವ ದಿನಾಂಕದೊಳಗೆ ಎಷ್ಟು ಕೊರತೆ. ಸೊಸೈಟಿಯ ಸಾಲ, ಬಂಗಾರ ಅಡವಿಟ್ಟ ಸಾಲಗಳನ್ನು ಮರ್ಯಾದೆಯ ಪ್ರಶ್ನೆಯೆಂದು ಮುಚ್ಚಿಡುವ ಕುಟುಂಬಗಳು ಕೊರತೆಯನ್ನು ಕಡಿಮೆ ತೋರಿಸಿ ತಮಗೇ ಅನ್ಯಾಯ ಮಾಡಿಕೊಳ್ಳುತ್ತವೆ. ಪತ್ರ ವಿದ್ಯಾರ್ಥಿಯ ಕೈಬರಹದಲ್ಲಿರಲಿ, ತಾಯಿ ತಂದೆ ಇಬ್ಬರ ಸಹಿಯೂ ಇರಲಿ. ಇಷ್ಟು ದಿನ ಅಡುಗೆಮನೆಯ ಪಿಸುಮಾತಾಗಿದ್ದ ಲೆಕ್ಕ ಆಗ ಮಗುವಿಗೂ ತಿಳಿಯುತ್ತದೆ, ಮತ್ತು ಹುಡುಗಿಯ ಓದನ್ನು ಹಣದ ನೆಪದಲ್ಲಿ ಮೌನವಾಗಿ ನಿಲ್ಲಿಸಿಬಿಡುವುದು ಕಷ್ಟವಾಗುತ್ತದೆ.

ಆದರೂ ಸರ್ಕಾರದ ನೆರವಿನಲ್ಲಿ ಇಂಥದೊಂದು ಕಿವಿ ಇಲ್ಲದಿರುವುದು ದೊಡ್ಡ ಕೊರತೆಯೇ. ಮಂಜೂರಾತಿಯನ್ನು ಯಂತ್ರಕ್ಕೆ ಬಿಟ್ಟದ್ದರಿಂದ ಶಿಫಾರಸು, ಲಂಚಗಳಿಗೆ ಅವಕಾಶ ತಗ್ಗಿತು ಎಂಬ ವಾದದಲ್ಲಿ ಸತ್ಯವಿದೆ, ಅದನ್ನು ಹಿಂದೆಗೆಯಬೇಕಾಗಿಲ್ಲ. ಪ್ರಮಾಣಪತ್ರದ ಮೇಲ್ಮನವಿಯನ್ನು ಕೇಳಿ ಆದೇಶ ಹೊರಡಿಸುವ ಅಧಿಕಾರ ಸಹಾಯಕ ಆಯುಕ್ತರಿಗೆ ಈಗಾಗಲೇ ಇದೆ. ಅದೇ ಪೀಠಕ್ಕೆ, ಪ್ರಮಾಣಪತ್ರ ಪಡೆದ ನಂತರ ಸಂಭವಿಸಿದ ಸಾವು, ಕಾಯಿಲೆ, ಉದ್ಯೋಗನಷ್ಟ, ದೋಣಿ ಅಥವಾ ಬೆಳೆಯ ನಾಶ ಎಂಬ ಕೆಲವೇ ಕಾರಣಗಳಿಗೆ ಸೀಮಿತವಾಗಿ, ದಾಖಲೆಗಳ ಮೇಲೆ ಆ ವರ್ಷದ ಮಟ್ಟಿಗೆ ಆದಾಯವನ್ನು ಮರುನಿಗದಿ ಮಾಡಿ ಅದನ್ನು ನೇರವಾಗಿ ಎಸ್‌ಎಸ್‌ಪಿಗೆ ಸೇರಿಸುವ ಅಧಿಕಾರವನ್ನು ಕೊಟ್ಟು, ತೀರ್ಮಾನಕ್ಕೆ ಸಕಾಲದ ಗಡುವನ್ನೇ ಅನ್ವಯಿಸಿದರೆ, ಹೊಸ ಇಲಾಖೆಯಾಗಲಿ ಹೊಸ ಕಚೇರಿಯಾಗಲಿ ಬೇಕಾಗುವುದಿಲ್ಲ. ಹೊನ್ನಾವರದಂಥ ತಾಲ್ಲೂಕು ಕೇಂದ್ರಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ವಾರಕ್ಕೊಂದು ದಿನ ಆ ವಿಚಾರಣೆ ನಡೆದರೆ ಕುಟುಂಬಗಳು ಭಟ್ಕಳದವರೆಗೆ ಅಲೆಯುವುದೂ ತಪ್ಪುತ್ತದೆ.